ಬೆಳಗಿನ ಮೊದಲ ಹೆಜ್ಜೆ

ಮನುಷ್ಯನಿಗೆ ತನಗೊಂದು ಹಿಮ್ಮಡಿ ಉಂಟೆಂದು ನೆನಪಾಗುವುದು ಅದು ನೋಯತೊಡಗಿದ ಮೇಲೆಯೇ. ನನಗೆ ಆ ನೆನಪು ಬಂದದ್ದು ನಿವೃತ್ತನಾದ ಬಳಿಕ. ಮೂಡುಬಿದಿರೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ನಿಂತೇ ಪಾಠ ಹೇಳಿದವನು ನಾನು. ಬಂಟ್ವಾಳದಿಂದ ಸಿದ್ಧಕಟ್ಟೆಯ ಮಾರ್ಗವಾಗಿ ಹೋಗುವ ಬಸ್ಸಿನಲ್ಲಿಯೂ ಹೆಚ್ಚಿನ ದಿನ ನಿಂತೇ ಹೋದವನು. ಆಗೆಲ್ಲ ಸುಮ್ಮನಿದ್ದ ಕಾಲು ಕಳೆದ ವರ್ಷ ಒಂದು ಬೆಳಿಗ್ಗೆ ಮಂಚದಿಂದ ಇಳಿಯುತ್ತಲೇ ಮೊಳೆ ಮೆಟ್ಟಿದಂತೆ ಚುಚ್ಚಿತು. ಗೋಡೆ ಹಿಡಿದು ನಿಂತೆ.

"ನಾಲ್ಕು ಹೆಜ್ಜೆ ನಡೆಯಿರಿ, ಕಡಿಮೆಯಾಗ್ತದೆ" ಎಂದಳು ಹೆಂಡತಿ, ಅಡುಗೆಮನೆಯಿಂದಲೇ. ಹಾಗೆಯೇ ಆಯಿತು.

"ನಿನಗೆ ಹೇಗೆ ಗೊತ್ತು?"

"ನನಗೆ ಆರು ವರ್ಷದಿಂದ ಉಂಟಲ್ಲ!"

ಅವಳು ಹೇಳಿದ್ದು ಹೌದು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಬೆಳ್ತಂಗಡಿ ತಾಲೂಕಿನ ವೇಣೂರಿನ ಹತ್ತಿರ ಅವಳ ತವರು. ಅಲ್ಲಿಯ ಗೊಮ್ಮಟ 1604ರಿಂದ ನಿಂತಿರುವ 35 ಅಡಿಯ ಮೂರ್ತಿ. 2012ರ ಬಳಿಕ 2024ರಲ್ಲಿ ಅವನಿಗೆ ಮಹಾಮಸ್ತಕಾಭಿಷೇಕವಾಯಿತು. "ನೀವು ಹೋಗಿ ಬನ್ನಿ, ನನಗೆ ಅಷ್ಟು ಹೊತ್ತು ನಿಲ್ಲಲಿಕ್ಕೆ ಆಗುವುದಿಲ್ಲ" ಎಂದಿದ್ದಳು. ಉದಾಸೀನವೆಂದುಕೊಂಡು ನಾನೊಬ್ಬನೇ ಹೋಗಿ ಬಂದಿದ್ದೆ.

ನನ್ನ ಹಿಮ್ಮಡಿ ನೊಂದ ಮೇಲೆ ಇಬ್ಬರೂ ವೈದ್ಯರಲ್ಲಿಗೆ ಹೋದೆವು. ಎಕ್ಸ್‌ರೇಯಲ್ಲಿ ನನ್ನ ಹಿಮ್ಮಡಿಯ ಮೂಳೆಗೊಂದು ಮುಳ್ಳು ಮೂಡಿದ್ದು ಕಂಡಿತು. "ಕತ್ತರಿಸಬೇಕೇ?" ಎಂದು ಹೆದರಿ ಕೇಳಿದೆ. ವೈದ್ಯರು ನಕ್ಕರು. ಅಂಥ ಮುಳ್ಳು ನೋವೇ ಇಲ್ಲದ ಎಷ್ಟೋ ಮಂದಿಗೂ ಇರುತ್ತದೆ. ನನಗಿಂತ ಹೆಚ್ಚು ನೋವುಂಡ ಇವಳಿಗೆ ಮುಳ್ಳೇ ಇರಲಿಲ್ಲ. ದೋಷವಿದ್ದದ್ದು ಹಿಮ್ಮಡಿಯಿಂದ ಬೆರಳ ಬುಡದವರೆಗೆ ಬಿಲ್ಲಿನ ಹೆದೆಯಂತೆ ಬಿಗಿದಿರುವ ಅಂಗಾಲಿನ ಪಟ್ಟಿಯಲ್ಲಿ. ಗಟ್ಟಿ ನೆಲದ ಮೇಲೆ ಬಹಳ ಹೊತ್ತು ನಿಲ್ಲುವುದು, ಏರಿದ ಮೈತೂಕ, ಸವೆದ ಚಪ್ಪಲಿ, ಬಿಗಿದ ಮೀನಖಂಡ, ಇವೆಲ್ಲ ಸೇರಿ ಅದನ್ನು ಬಳಲಿಸುತ್ತವೆ. ರಾತ್ರಿ ಮುದುಡಿದ್ದ ಪಟ್ಟಿ ಬೆಳಗಿನ ಮೊದಲ ಹೆಜ್ಜೆಗೆ ಒಮ್ಮೆಲೇ ಎಳೆದುಕೊಳ್ಳುತ್ತದೆ. ಆ ಚುಚ್ಚು ಅದರದು.

"ಅಡುಗೆಮನೆಯಲ್ಲಿ ಬರಿಗಾಲಲ್ಲಿ ದಿನಕ್ಕೆ ಎಷ್ಟು ಗಂಟೆ ನಿಲ್ಲುತ್ತೀರಮ್ಮ?" ಎಂದು ವೈದ್ಯರು ಕೇಳಿದರು. ಅವಳು ನನ್ನ ಮುಖ ನೋಡಿದಳು. ಉತ್ತರ ನನಗೂ ತಿಳಿದಿರಲಿಲ್ಲ.

ಇಂಜೆಕ್ಷನ್ ಉಂಟು, ಕೆಲವು ವಾರ ಹಾಯೆನಿಸುತ್ತದೆ, ಆದರೆ ಮತ್ತೆ ಮತ್ತೆ ಚುಚ್ಚಿಸಿದರೆ ಪಟ್ಟಿಯೇ ಹರಿಯುವ ಭಯ. ನಮ್ಮ ಕಡೆಯ ಮದ್ದು ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆಯಿಟ್ಟು ಒತ್ತುವುದು. ಅದನ್ನೂ ಮಾಡಿದ್ದೆವು, ಆ ಹೊತ್ತಿಗೆ ಹಿತ, ಬೆಳಿಗ್ಗೆ ಮತ್ತದೇ. ಸಕ್ಕರೆ ಕಾಯಿಲೆಯವರು ಮಾತ್ರ ಅದರ ಗೋಜಿಗೆ ಹೋಗಬಾರದು. ಸ್ಪರ್ಶ ಕುಂದಿದ ಪಾದ ಸುಟ್ಟರೂ ತಿಳಿಯದು.

ನಮಗೆ ದಕ್ಕಿದ್ದು ಸುಲಭದ ಉಪಾಯ. ಮಂಚದಿಂದ ಇಳಿಯುವ ಮೊದಲೇ ನೋವಿನ ಕಾಲನ್ನು ಇನ್ನೊಂದು ಮೊಣಕಾಲ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲ ಕಡೆಗೆ ಎಳೆದು ಹತ್ತು ಎಣಿಸಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಗೋಡೆಗೆ ಕೈಕೊಟ್ಟು ಮೀನಖಂಡವನ್ನೂ ಎಳೆಯಬೇಕು. ಸಂಜೆ ಮಂಜುಗಟ್ಟಿಸಿದ ನೀರಿನ ಬಾಟಲಿಯನ್ನು ಅಂಗಾಲಿನಡಿ ಉರುಳಿಸಬೇಕು. ಮನೆಯೊಳಗೂ ಮೆತ್ತನೆಯ ಚಪ್ಪಲಿ ಬೇಕು. ಹೆಚ್ಚಿನವರಿಗೆ ಇಷ್ಟರಲ್ಲೇ ಗುಣವಾಗುತ್ತದೆ, ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು.

ಹಿಮ್ಮಡಿಯ ನೋವೆಲ್ಲ ಇದೇ ಅಲ್ಲ. ಹಿಮ್ಮಡಿಯ ಹಿಂಬದಿ ನೋಯುವುದು ಮೀನಖಂಡದಿಂದ ಇಳಿದ ಸ್ನಾಯುವಿನ ತೊಂದರೆ ಇರಬಹುದು. ಬಾವು, ಜ್ವರ, ಜೋಮು, ಮಲಗಿದರೂ ಬಿಡದ ನೋವು ಅಥವಾ ಹರೆಯದವರಿಗೆ ಬೆಳಿಗ್ಗೆ ಸೊಂಟವೂ ಬಿಗಿಯುವುದಾದರೆ ವೈದ್ಯರಿಗೆ ಬೇಗ ತೋರಿಸಬೇಕು.

ಈಗ ಬೆಳಿಗ್ಗೆ ಇಬ್ಬರೂ ಮಂಚದ ಎರಡು ತುದಿಯಲ್ಲಿ ಕೂತು ಬೆರಳು ಎಳೆಯುತ್ತೇವೆ. ಎಣಿಕೆ ಅವಳದು. ನನಗೆ ಮೂರು ತಿಂಗಳಲ್ಲಿ ಗುಣವಾಯಿತು, ಅವಳಿಗೆ ಎಂಟು ಬೇಕಾಯಿತು.

ಮೊನ್ನೆ ವೇಣೂರಿಗೆ ಹೋದೆವು. ಜನಜಂಗುಳಿ ಇರಲಿಲ್ಲ. ಅವಳು ಗೊಮ್ಮಟನೆದುರು ತುಂಬ ಹೊತ್ತು ನಿಂತಳು. ಹೊರಡೋಣವೇ ಎಂದು ನಾನು ಕೇಳಲಿಲ್ಲ.