ಕಾಫಿ ಬೋರ್ಡಿನಿಂದ ಹೈಕೋರ್ಟಿನವರೆಗೆ

ಬೆಂಗಳೂರಿನವರಿಗೆ ಅಂಬೇಡ್ಕರ್ ವೀಧಿ ಅಂದ್ರೆ ಭಾನುವಾರ ಸಂಜೆ ವಿಧಾನಸೌಧದ ಮುಂದೆ ಸೆಲ್ಫಿ, ಮಿಕ್ಕ ದಿನ ಟ್ರಾಫಿಕ್ಕು. ಸಕಲೇಶಪುರ, ಆಲೂರು ಕಡೆಯವರಾದ ನಮಗೆ ಹಾಗಲ್ಲ. ನಮ್ಮ ಬೆಟ್ಟದಲ್ಲಿ ಇಬ್ಬರು ಸೇರಿದರೆ ಮಾತು ಹೊರಳೋದು ಎರಡೇ ವಿಷಯಕ್ಕೆ: ಕಾಫಿ, ಆನೆ. ಎರಡರ ಹಣೆಬರಹವೂ ಬಹುಪಾಲು ಈ ಒಂದೇ ಬೀದಿಯಲ್ಲಿ ಬರೆದದ್ದು.

ಬೀದಿಯ ಒಂದನೇ ನಂಬರು ಕಾಫಿ ಬೋರ್ಡಿನದು. ಈಗ ಮೊಬೈಲಿನಲ್ಲಿ ಲಂಡನ್ನಿನ ರೊಬಸ್ಟಾ ರೇಟು ನೋಡಿ ಮಾರೋ ಹುಡುಗರಿಗೆ ಇದು ಕತೆ ಅನ್ನಿಸಬಹುದು. 1990ರ ದಶಕದವರೆಗೂ ಬೆಳೆಗಾರ ತನ್ನ ಕಾಫಿಯನ್ನು ತಾನೇ ಇಷ್ಟಬಂದವರಿಗೆ ಮಾರುವ ಹಾಗಿರಲಿಲ್ಲ. ಬೋರ್ಡಿನ ‘ಪೂಲ್’ಗೆ ಹಾಕಬೇಕು, ದುಡ್ಡು ಕಂತಿನಲ್ಲಿ ಬರಬೇಕು. ಮದುವೆ, ಮನೆ, ಮಕ್ಕಳ ಕಾಲೇಜು ಎಲ್ಲ ಆ ಕಂತಿನ ಮೇಲೆ. ‘ಬೋರ್ಡ್ ದುಡ್ಡು ಬಂತೇನೋ?’ ಅಂತ ನಮ್ಮ ದೊಡ್ಡಪ್ಪ ಕೇಳ್ತಿದ್ದ ಧಾಟಿ, ಮಳೆ ಬಂತಾ ಅಂತ ಕೇಳಿದ ಹಾಗೇ ಇರ್ತಿತ್ತು.

ಅಲ್ಲಿಂದ ಹದಿನೈದು ನಿಮಿಷ ನಡೆದರೆ ವಿಧಾನಸೌಧದ ಎದುರಿಗೆ ಕೆಂಪು ಬಣ್ಣದ ಅಠಾರಾ ಕಚೇರಿ, ಅಂದರೆ ಹೈಕೋರ್ಟು. (ಹದಿನೆಂಟು ಇಲಾಖೆಗಳಿದ್ದವು ಅಂತ ಆ ಹೆಸರು.) ಈ ನ್ಯಾಯಾಲಯ ನೇಮಿಸಿದ, ರಾಮನ್ ಸುಕುಮಾರ್ ಅಧ್ಯಕ್ಷತೆಯ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ರಾಜ್ಯವನ್ನು ಮೂರು ಬಗೆಯ ವಲಯ ಮಾಡಿತ್ತು: ಆನೆ ಉಳಿಯಬೇಕಾದ್ದು, ಆನೆ-ಮನುಷ್ಯ ಹೊಂದಿಕೊಂಡು ಇರಬೇಕಾದ್ದು, ಆನೆಗಳನ್ನು ತೆಗೆಯಬೇಕಾದ್ದು. ಆಲೂರು ಸೀಮೆ ಮೂರನೆಯದರಲ್ಲಿ. 2014ರಲ್ಲಿ 22 ಆನೆ ಹಿಡಿದು ಸಾಗಿಸಿದರು. ಊರಲ್ಲಿ ಪಟಾಕಿ ಹೊಡೆಯೋದೊಂದು ಬಾಕಿ. ಆದರೆ ನೀರು, ನೆರಳು, ಬಾಳೆ, ಹಲಸು ಅಲ್ಲೇ ಇದ್ದವಲ್ಲ, ಬೇರೆ ಹಿಂಡು ಬಂದವು. 2023ರ ಡಿಸೆಂಬರ್ 4ರಂದು, ಎಂಟು ಸಲ ಅಂಬಾರಿ ಹೊತ್ತ ಅರ್ಜುನ ನಮ್ಮ ಯಸಳೂರಿನಲ್ಲೇ ಕಾಡಾನೆ ಜೊತೆ ಕಾದಾಡಿ ಸತ್ತ.

ಒಮ್ಮೆ ದೊಡ್ಡಪ್ಪನ ಜೊತೆ ಈ ಬೀದಿ ನಡೆದಿದ್ದೆ. ವಿಧಾನಸೌಧದ ಮೇಲಿನ ‘ಸರ್ಕಾರದ ಕೆಲಸ ದೇವರ ಕೆಲಸ’ ಓದಿ, ‘ಅದ್ಕೇ ಕಣಪ್ಪಾ, ಹರಕೆ ಹೊತ್ಕೊಂಡೇ ಬರ್ಬೇಕು’ ಅಂದ್ರು.

ದಿಲ್ಲಿಯ ಶಾಂತಿಪಥದಲ್ಲಿ ಒಂದೊಂದು ದೇಶಕ್ಕೂ ಒಂದೊಂದು ರಾಯಭಾರ ಕಚೇರಿ ಇದೆ. ನಮ್ಮ ಬೆಟ್ಟಕ್ಕೆ ಇಲ್ಲೇನಿದೆ ಅಂತ ಯೋಚಿಸ್ತೀನಿ. ಕಾಫಿಗೆ ಬೋರ್ಡಿದೆ. ಆನೆಗೆ ವರದಿ, ವಲಯ, ವಕೀಲರು. ಆದರೆ ಆನೆ ಕೈಗೆ ಹೆಚ್ಚಾಗಿ ಸಿಗೋದು ಎಸ್ಟೇಟ್ ಮಾಲೀಕನಲ್ಲ, ಕಾರಿಲ್ಲದೆ ಬೆಳಗ್ಗೆ ಲೈನ್ ಮನೆಯಿಂದ ತೋಟಕ್ಕೆ ನಡೆದು ಹೋಗೋ ಕೂಲಿಯವರು. ಅವರು ಬಂದು ತಟ್ಟೋಕೆ ಈ ಬೀದಿಯಲ್ಲಿ ಯಾವ ಬಾಗಿಲಿದೆ?

ಊರಲ್ಲಿ ಈಗ ಎದ್ದ ತಕ್ಷಣ ವಾಟ್ಸಾಪ್ ನೋಡೋ ರೂಢಿ. ಆನೆ ಯಾರ ತೋಟದಲ್ಲಿದೆ ಅಂತ ಮೆಸೇಜು ಇರುತ್ತೆ. ಅಸ್ಸಾಮಿನಿಂದ ಕೆಲಸಕ್ಕೆ ಬಂದವರಿಗೆ ಆ ಕನ್ನಡ ಓದೋಕೆ ಬರಲ್ಲ. ಮಂಜು ಕರಗೋವರೆಗೂ ಲೈನ್ ಮನೆ ಮುಂದೆ ನಿಂತಿರ್ತಾರೆ, ಯಾರಾದ್ರೂ ಹೇಳಲಿ ಅಂತ.