ಎಂಟು ಪಾಲಿನ ಲೆಕ್ಕ

ಸಾಹುಕಾರ ಮನೆತನವೊಂದರ ಹಣ ನೋಡಿಕೊಳ್ಳುವವರು ಜನರ ಕಣ್ಣಿಗೆ ಅರ್ಧ ಸಾಹುಕಾರರು. ಬ್ಯಾಂಕಿನ ಮ್ಯಾನೇಜರ್ ಎದ್ದು ಕುರ್ಚಿ ತೋರಿಸುತ್ತಾರೆ. ಮಸೀದಿ ಕಮಿಟಿಯವರು ಚಂದಾ ರಶೀದಿ ಹಿಡಿದು ಮೊದಲು ನಮ್ಮ ಮೇಜಿನ ಬಳಿಗೇ ಬರುತ್ತಾರೆ. ನಮ್ಮ ಸ್ವಂತ ಮನೆಯ ದಿನಸಿ ಬಾಕಿ ಮಾತ್ರ ತಿಂಗಳಿಂದ ತಿಂಗಳಿಗೆ ಮುಂದೆ ಹೋಗುತ್ತಿರುತ್ತದೆ.

ಕರಾವಳಿಯ ಒಂದು ಪೇಟೆಯಲ್ಲಿ, ಮರದ ವ್ಯಾಪಾರದಿಂದ ಮೇಲೆ ಬಂದ ಕುಟುಂಬವೊಂದರ ಕಚೇರಿಯಲ್ಲಿ ನಾವು ಮೂವರಿದ್ದೆವು. ನಮ್ಮಲ್ಲಿ ಹಿರಿಯರಿಗೆ 'ಮುಖ್ಯ ಹಣಕಾಸು ಅಧಿಕಾರಿ' ಎಂದು ಕಾರ್ಡು ಮಾಡಿಸಿಕೊಟ್ಟಿದ್ದರು. ಆದರೆ ಮನೆಯವರ ಬಾಯಲ್ಲಿ ಮೂವರೂ 'ಲೆಕ್ಕದವರು'. ಕಟ್ಟಡಗಳ ಬಾಡಿಗೆ, ಅಡಿಕೆ ತೋಟದ ಉತ್ಪತ್ತಿ, ಶೇರು, ಮ್ಯೂಚುವಲ್ ಫಂಡ್, ಆದಾಯ ತೆರಿಗೆ ಎಲ್ಲವೂ ನಮ್ಮ ಕೈಯಲ್ಲೇ. ಶೇರು ಕೊಳ್ಳುವ ಮೊದಲು ಹಾಜಿಯವರು ಕೇಳುತ್ತಿದ್ದುದು ಲಾಭವನ್ನಲ್ಲ, ಆ ಕಂಪೆನಿಯ ಕಸುಬನ್ನು. ಮದ್ಯ, ಜೂಜು, ಬಡ್ಡಿಯ ಕಂಪೆನಿಗಳು ಅಲ್ಲಿಗೇ ಹೊರಗೆ. ಉಳಿತಾಯ ಖಾತೆಗೆ ತಾನಾಗಿ ಬಂದು ಬೀಳುವ ಬಡ್ಡಿಗೆ ಬೇರೆ ಕಾಲಮ್ಮು ಇತ್ತು. ವರ್ಷದ ಕೊನೆಗೆ ಅದನ್ನು ಪುಣ್ಯದ ನಿರೀಕ್ಷೆಯಿಲ್ಲದೆ ಹೊರಗೆ ಕೊಟ್ಟುಬಿಡುತ್ತಿದ್ದರು. ಪ್ರತಿ ರಮಝಾನಿನಲ್ಲಿ ತಾವೇ ಕುಳಿತು, ಒಂದು ಹಸಿರು ನೋಟುಪುಸ್ತಕದಲ್ಲಿ ಎಲ್ಲ ಆಸ್ತಿ ಬರೆದು, ಝಕಾತ್ ಸಲ್ಲಬೇಕಾದುದಕ್ಕೆ ನೂರಕ್ಕೆ ಎರಡೂವರೆಯಂತೆ ಲೆಕ್ಕ ತೆಗೆಯುತ್ತಿದ್ದರು.

ಈ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ. ಪ್ರವಾದಿ ಯೂಸುಫ್(ಅ)ರು ಈಜಿಪ್ಟಿನ ಭಂಡಾರದ ಹೊಣೆ ಕೇಳಿಕೊಂಡಾಗ ತಮ್ಮ ಎರಡು ಗುಣಗಳನ್ನು ಮುಂದಿಟ್ಟರೆಂದು ಕುರ್‌ಆನ್ ಹೇಳುತ್ತದೆ. ಒಂದು ಕಾಯುವ ಗುಣ, ಇನ್ನೊಂದು ಅರಿವು. ಅರಿವನ್ನು ಕಾಲೇಜು ಕಲಿಸುತ್ತದೆ, ಪರೀಕ್ಷೆ ಅಳೆಯುತ್ತದೆ. ಕಾಯುವ ಗುಣಕ್ಕೆ ಪರೀಕ್ಷೆ ಬರುವುದು ಯಜಮಾನ ಇಲ್ಲದಾಗ.

ಅಮೆರಿಕದ ರಾಕ್‌ಫೆಲರ್ ಕುಟುಂಬದ ಸಂಪತ್ತನ್ನು ನೋಡಿಕೊಂಡ ಫ್ರೆಡರಿಕ್ ಗೇಟ್ಸ್ ಮೊದಲು ಚರ್ಚಿನ ಪಾದ್ರಿಯಾಗಿದ್ದವರು. 1891ರಲ್ಲಿ ದಾನದ ವ್ಯವಹಾರ ನೋಡಲು ಸೇರಿದರು. ಯಜಮಾನ ಪರಿಚಿತರ ಮಾತು ನಂಬಿ ಹಾಕಿದ ಹಣ ಎಷ್ಟೋ ಕಡೆ ಮುಳುಗುತ್ತಿರುವುದನ್ನು ಕಂಡು ಹೇಳಿದರು. ಆಮೇಲೆ ಹೂಡಿಕೆಗಳ ಉಸ್ತುವಾರಿಯೂ ಅವರದೇ ಆಯಿತು. ಈ ಸಂಪತ್ತು ಬೆಳೆಯುವ ವೇಗಕ್ಕಿಂತ ಬೇಗ ಹಂಚದಿದ್ದರೆ ಅದು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಹುಡಿ ಮಾಡೀತು ಎಂದು ಯಜಮಾನನನ್ನೇ ಎಚ್ಚರಿಸಿದವರು ಅವರು. 1901ರ ವೈದ್ಯಕೀಯ ಸಂಶೋಧನಾ ಸಂಸ್ಥೆ, 1913ರ ಪ್ರತಿಷ್ಠಾನ ಎರಡರ ಹಿಂದೆಯೂ ಅವರಿದ್ದರು. ಆದರೆ 1914ರಲ್ಲಿ, ಆ ಕುಟುಂಬದ ಹಣವಿದ್ದ ಕೊಲರಾಡೋದ ಕಲ್ಲಿದ್ದಲು ಗಣಿಯ ಮುಷ್ಕರದಲ್ಲಿ, ಲಡ್ಲೋ ಎಂಬಲ್ಲಿ ಕಾರ್ಮಿಕರ ಡೇರೆಗಳಿಗೆ ಬೆಂಕಿ ಬಿದ್ದು ಹೆಂಗಸರೂ ಮಕ್ಕಳೂ ಸತ್ತರು. ಆ ಮುಷ್ಕರದ ಉದ್ದಕ್ಕೂ ಇದೇ ಗೇಟ್ಸ್ ಕಂಪೆನಿಯ ಪರವಾಗಿದ್ದರು. ಯಜಮಾನನಿಗೆ ಸತ್ಯ ಹೇಳಬಲ್ಲವನಿಗೂ ಕೆಲವು ಮುಖಗಳು ಕಾಣುವುದಿಲ್ಲ.

ನಮಗೂ ಕಾಣಲಿಲ್ಲ.

ಹಾಜಿಯವರು 2024ರ ಜನವರಿಯಲ್ಲಿ ತೀರಿಕೊಂಡರು. ಪತ್ನಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಇಸ್ಲಾಮಿನ ವಾರಸು ನಿಯಮದಲ್ಲಿ ಇದಕ್ಕಿಂತ ಸುಲಭದ ಲೆಕ್ಕವಿಲ್ಲ. ಸಾಲ ತೀರಿಸಿ ಉಳಿದುದನ್ನು ಎಂಟು ಪಾಲು ಮಾಡಿ. ತಾಯಿಗೆ ಒಂದು, ಹೆಣ್ಣುಮಕ್ಕಳಿಗೆ ಒಂದೊಂದು, ಗಂಡುಮಕ್ಕಳಿಗೆ ಎರಡೆರಡು. ಕಾಗದ ಪೆನ್ಸಿಲೂ ಬೇಡ.

ಗಂಡುಮಕ್ಕಳು ನಮ್ಮನ್ನು ಕರೆದು ಆಸ್ತಿಪಟ್ಟಿ ತಯಾರಿಸಲು ಹೇಳಿದರು. "ಶೇರು, ಫಂಡು ಅದರಲ್ಲಿ ಬೇಡ. ಅದಕ್ಕೆ ನಾಮಿನಿ ನಾವೇ ಅಲ್ಲವಾ?" ನಾಮಿನಿ ಎಂದರೆ ಒಡೆಯನಲ್ಲ, ವಾರಸುದಾರರಿಗಾಗಿ ಹಣ ಕೈಗೆ ತೆಗೆದುಕೊಳ್ಳುವವನು ಅಷ್ಟೆ. ಶೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟು ಇದನ್ನು 2023ರ ಡಿಸೆಂಬರಿನಲ್ಲಿ, ಅಂದರೆ ಹಿಂದಿನ ತಿಂಗಳಷ್ಟೇ, ಸ್ಪಷ್ಟವಾಗಿ ಹೇಳಿತ್ತು. ನಾವು ಆ ತೀರ್ಪು ಓದಿದ್ದೆವು. ಆದರೂ ಬಾಯಿ ತೆರೆಯಲಿಲ್ಲ. ನಮ್ಮಲ್ಲೊಬ್ಬರ ಮಗಳ ಮದುವೆ ನಿಶ್ಚಯವಾಗಿತ್ತು, ಇನ್ನೊಬ್ಬರ ಮನೆಸಾಲವಿತ್ತು. ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆಯಲ್ಲ ಎಂದು ನಮಗೆ ನಾವೇ ಸಮಾಧಾನವನ್ನೂ ಹೇಳಿಕೊಂಡೆವು.

ಕಿರಿಯ ಮಗಳು ಕಚೇರಿಗೆ ಬಂದರು. ಪಟ್ಟಿಯನ್ನು ಎರಡು ಸಲ ಓದಿ, "ಕಾಕ, ಇದು ಪೂರ್ತಿಯಾ?" ಎಂದು ಕೇಳಿದರು.

"ಹೂಂ, ಪೂರ್ತಿ" ಎಂದೆವು.

ಮಾರ್ಚಿನಲ್ಲಿ ರಮಝಾನ್ ಬಂತು. ಇದ್ದತ್‌ನಲ್ಲಿದ್ದ ತಾಯಿ ಮೊಮ್ಮಗನ ಮೂಲಕ ಹೇಳಿ ಕಳುಹಿಸಿದರು: "ಅವರ ಹಸಿರು ಪುಸ್ತಕ ತಂದುಕೊಡಿ. ಈ ಸಲದ ಝಕಾತ್ ತಪ್ಪಬಾರದು." ಪುಸ್ತಕ ತೆರೆದೆವು. ಹಿಂದಿನ ರಮಝಾನಿನ ಪುಟದಲ್ಲಿ ಹಾಜಿಯವರ ನಡುಗುವ ಅಕ್ಷರದಲ್ಲಿ ಶೇರು, ಫಂಡು, ಬಾಡಿಗೆ ಎಲ್ಲ ಸಾಲಾಗಿ ಕುಳಿತಿದ್ದವು. ನಮ್ಮ ಪಟ್ಟಿಯ ಮೊತ್ತ ಅದರ ಅರ್ಧಕ್ಕೂ ಬರುತ್ತಿರಲಿಲ್ಲ. ಅಲ್ಲಾಹನ ಪಾಲು ಲೆಕ್ಕ ಹಾಕಲು ಒಂದು ಮೊತ್ತ, ಅವನು ಗೊತ್ತುಮಾಡಿದ ಹೆಣ್ಣುಮಕ್ಕಳ ಪಾಲಿಗೆ ಇನ್ನೊಂದು ಮೊತ್ತ! ಈ ಎರಡು ಕಾಗದಗಳನ್ನು ಒಂದೇ ಫೈಲಿನಲ್ಲಿ ಇಡಲು ನಮ್ಮಿಂದಾಗಲಿಲ್ಲ.

ಆ ರಾತ್ರಿ ತರಾವೀಹ್ ಮುಗಿಸಿ ಮೂವರೂ ಕಚೇರಿಗೆ ಮರಳಿದೆವು. ಪೂರ್ತಿ ಪಟ್ಟಿ ಟೈಪು ಮಾಡಿ, ಆರು ಪ್ರತಿ ತೆಗೆದು, ಆರು ಜನರಿಗೂ ಕೊಟ್ಟೆವು. ಕಿರಿಯ ಮಗಳಿಗೆ ಕೊಡುವಾಗ, "ಮೊದಲಿನದು ಪೂರ್ತಿ ಇರಲಿಲ್ಲ, ಸುಳ್ಳು ಹೇಳಿದೆವು" ಎಂದೆವು. ಅವರು ಬಯ್ಯಲಿಲ್ಲ. "ನನಗೆ ಅಂದೇ ಗೊತ್ತಾಗಿತ್ತು ಕಾಕ" ಎಂದರು.

ಇದರಿಂದ ಎಲ್ಲ ಸುಖಾಂತ್ಯವಾಯಿತೆಂದು ಓದುಗರು ತಿಳಿಯಬಾರದು. ಹಿರಿಯ ಹೆಣ್ಣುಮಕ್ಕಳಿಬ್ಬರೂ ತವರಿನ ಬಾಗಿಲು ಮುಚ್ಚೀತೆಂದು ಹೆದರಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ಕಿರಿಯವರು ಮಾತ್ರ ತಮ್ಮ ಒಂದು ಪಾಲು ಪಡೆದರು. ಅಣ್ಣಂದಿರ ಮನೆಯ ಹಬ್ಬದೂಟಕ್ಕೆ ಅವರಿಗೆ ಈಗ ಕರೆಯಿಲ್ಲ. ಕುಟುಂಬದ ಹೂಡಿಕೆಯೆಲ್ಲ ಆರು ತಿಂಗಳೊಳಗೆ ಬೆಂಗಳೂರಿನ ಒಂದು ಸಂಸ್ಥೆಯ ಕೈಗೆ ಹೋಯಿತು. ನಾವು ಮೂವರು ಬೇರೆ ಬೇರೆ ಅಂಗಡಿಗಳ ಲೆಕ್ಕ ಬರೆದು ಬದುಕುತ್ತಿದ್ದೇವೆ.

ಜನ ಈಗಲೂ ನಮ್ಮ ಪ್ರಾಮಾಣಿಕತೆಯನ್ನು ಹೊಗಳುವುದುಂಟು. ಹೊಗಳಿದಾಗ ಕುಗ್ಗುತ್ತೇವೆ. ಆ 'ಹೂಂ' ಹೇಳಿದ್ದು ನಾವೇ. ರಮಝಾನ್ ಅಡ್ಡ ಬಾರದಿದ್ದರೆ ಅದು ಹಾಗೆಯೇ ಉಳಿಯುತ್ತಿತ್ತೇನೋ.

2025ರ ರಮಝಾನಿನ ಒಂದು ಸಂಜೆ ಕಿರಿಯ ಮಗಳಿಂದ ಕರೆ ಬಂತು. ಹೋದೆವು. ಮೇಜಿನ ಮೇಲೆ ಹೊಸದೊಂದು ನೋಟುಪುಸ್ತಕವಿತ್ತು, ಅದೂ ಹಸಿರೇ. "ಉಪ್ಪ ಬರೆಯುತ್ತಿದ್ದ ಹಾಗೆ ಬರೆಯಲು ಕಲಿಸಿಕೊಡಿ" ಎಂದರು. ಇಫ್ತಾರಿನ ಬಾಂಗು ಕೇಳುವವರೆಗೆ ಕುಳಿತು, ಕಾಲಮ್ಮು ಗೆರೆ ಎಳೆಯುವುದರಿಂದ ಶುರುಮಾಡಿ ಕಲಿಸಿಕೊಟ್ಟೆವು.