ನಾಲ್ಕು ಗುಂಟೆಯ ನಡುವಣ ಮನೆ

ವಯಸ್ಸಾದವರಿಗೆ ಮಕ್ಕಳು ಎರಡು ಬಗೆಯ ಕೆಲಸಗಳನ್ನು ಒಪ್ಪಿಸುವುದುಂಟು. ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಒಂದು. ತಾವು ಮನಸ್ಸಿನಲ್ಲಿ ಮೊದಲೇ ನಿಶ್ಚಯಿಸಿಕೊಂಡ ಸಂಗತಿಗೆ ಹಿರಿಯರಿಂದ ಒಪ್ಪಿಗೆಯನ್ನು ಹೇಳಿಸುವುದು ಇನ್ನೊಂದು. ಕಳೆದ ಮಾಘಮಾಸದಲ್ಲಿ ಧಾರವಾಡದಿಂದ ನನ್ನ ಮಗನು ಬರಹೇಳಿದಾಗ ಮೊದಲನೆಯ ಕೆಲಸವೆಂದು ತಿಳಿದು ನಾನು ಹೊರಟೆನು. ಹೋದ ಮೇಲೆ ಅದು ಎರಡನೆಯದೆಂದು ಗೊತ್ತಾಯಿತು.

ಹೆಗಡೆಕಟ್ಟೆಯವರಿಗೆ ಧಾರವಾಡವು ಪರಸ್ಥಳವಲ್ಲ. 1862ರಲ್ಲಿ ನಮ್ಮ ಜಿಲ್ಲೆಯು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದಂದಿನಿಂದ 1956ರ ವರೆಗೆ ನಾವೂ ಅವರೂ ಒಂದೇ ಸರಕಾರದ ಕೆಳಗಿದ್ದವರು. 1917ರಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾದ ಮೇಲಂತೂ ಘಟ್ಟದ ಮೇಲಣ ಹುಡುಗರು ವಿದ್ಯೆಗಾಗಿ ಅತ್ತ ಮುಖಮಾಡಿದರು. ನನ್ನ ಮಗನೂ ಹಾಗೆ ಹೋದವನೇ; ಓದಲು ಹೋದವನು ಓದಿಸುವವನಾಗಿ ಅಲ್ಲಿಯೇ ನಿಂತನು. ಹತ್ತು ವರ್ಷ ಬಾಡಿಗೆಯ ಮನೆಯಲ್ಲಿದ್ದು ಬೇಸತ್ತ ಅವನಿಗೆ, ರೈಲ್ವೆ ಸ್ಟೇಷನ್ನಿಗೆ ಸಮೀಪವಾದ ಮಾಳಮಡ್ಡಿಯಲ್ಲಿ ಒಂದು ಹಳೆಯ ಮನೆಯು ಮಾರಾಟಕ್ಕಿದೆಯೆಂಬ ಸುದ್ದಿ ತಿಳಿದಿತ್ತು. ಅದನ್ನು ಕೊಳ್ಳಬಹುದೇ, ಕೊಳ್ಳಬಾರದೇ ಎಂಬುದನ್ನು ತೂಗಿ ನೋಡುವ ಕೆಲಸವು ನನ್ನ ಪಾಲಿಗೆ ಬಂದಿತು.

ನಿವೇಶನವು ನಾಲ್ಕು ಗುಂಟೆ. ಗುಂಟೆಯೆಂದರೆ ಮೂವತ್ತಮೂರು ಅಡಿಯ ಚೌಕ, 1,089 ಚದರಡಿ. ಆದುದರಿಂದ ಇದು ಅರವತ್ತಾರು ಅಡಿಯ ಚೌಕ. ಒಟ್ಟು 4,356 ಚದರಡಿ. ಅದರ ನಡುವೆ ಇಪ್ಪತ್ತನಾಲ್ಕಕ್ಕೆ ಮೂವತ್ತಡಿಯ ಮನೆ, 720 ಚದರಡಿ. ಎಂದರೆ ನೆಲದ ಆರರಲ್ಲಿ ಒಂದು ಪಾಲು ಮಾತ್ರ ಮನೆ. ಉಳಿದ ಐದು ಪಾಲಿನಲ್ಲಿ ಒಂದು ಬಾವಿ, ಎರಡು ಮಾವಿನ ಮರ, ಬಟ್ಟೆ ಒಣಗಿಸುವ ತಂತಿ ಮತ್ತು ಒಣಹುಲ್ಲು.

ಮಾಡಿನಿಂದ ಕಳಚಿ ಗೋಡೆಗೆ ಒರಗಿಸಿದ್ದ ಹಂಚೊಂದನ್ನು ಮಗನು ನನಗೆ ತೋರಿಸಿದನು. ಅದರ ಮೈಮೇಲೆ 1865 ಎಂಬ ಅಂಕೆ ಒತ್ತಿತ್ತು. ‘ಈ ಮನೆಗೆ ನೂರೈವತ್ತು ವರ್ಷವೇ ಮೀರಿದೆ’ ಎಂದು ಅವನು ಉತ್ಸಾಹದಿಂದ ಹೇಳಿದನು. ಮಂಗಳೂರಿನ ಹಂಚನ್ನು ಬಾಲ್ಯದಿಂದಲೂ ಹೊತ್ತು ಬಲ್ಲ ನನಗೆ ನಗು ಬಂದಿತು. 1865 ಎಂಬುದು ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ವರ್ಷ. ಹಂಚು ಬೆಂದ ವರ್ಷವಲ್ಲ. ಅಂಕೆಯ ಜೊತೆಗಿದ್ದ ಹೆಸರಾದರೋ ಕಾಮನ್‌ವೆಲ್ತಿನವರದು. ಮೊದಲನೆಯ ಮಹಾಯುದ್ಧದ ತರುವಾಯ ಮಿಷನ್ನಿನ ಕಾರ್ಖಾನೆಗಳು ಆ ಟ್ರಸ್ಟಿನ ಕೈಸೇರಿದವಾದ್ದರಿಂದ, ಹಂಚು ಅದಕ್ಕಿಂತ ಹಿಂದಿನದಾಗಿರಲಾರದು. ಕಾಗದಪತ್ರಗಳನ್ನು ನೋಡಲಾಗಿ ಮನೆ ಕಟ್ಟಿದ್ದು 1936 ಎಂದಿತ್ತು. ಮುದ್ರೆಯನ್ನು ನೋಡಿ ವಯಸ್ಸು ಹೇಳಬಾರದೆಂಬ ಪಾಠವನ್ನು ನಿವೃತ್ತನಾದ ಮೇಲೂ ಒಬ್ಬ ವಿದ್ಯಾರ್ಥಿಗೆ ಹೇಳಿದಂತಾಯಿತು.

ಮನೆಯಲ್ಲಿ ದೋಷವು ಹೆಚ್ಚಿರಲಿಲ್ಲ. ಮಾಡಿನ ಹಂಚುಗಳು ಸುಮಾರು 1,800 ಇದ್ದಾವು. ಅವುಗಳಲ್ಲಿ ನೂರು ನೂರೈವತ್ತನ್ನು ಬದಲಿಸಿದರೆ ಸಾಕು. ಪಕಾಸಿಗಳು ಸಾಗುವಾನಿಯವು. ವರ್ಷಕ್ಕೆ ಸುಮಾರು ನೂರಂಗುಲ ಮಳೆ ಬೀಳುವ ಶಿರಸಿಯ ಸೀಮೆಯವನಿಗೆ, ಮೂವತ್ತಂಗುಲದ ಧಾರವಾಡದಲ್ಲಿ ಮಾಡು ಸೋರುವುದು ದೊಡ್ಡ ಭಯವಲ್ಲ. ಅಲ್ಲಿ ಭಯಪಡಬೇಕಾದುದು ಎರೆಮಣ್ಣಿಗೆ. ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿದು ಅಡಿಪಾಯವನ್ನು ಅಲುಗಿಸುತ್ತದೆ. ಮಡ್ಡಿಯೆಂದರೆ ಆ ಕಡೆಯ ಮಾತಿನಲ್ಲಿ ಗಟ್ಟಿಯಾದ ಎತ್ತರದ ನೆಲ; ಹೆಸರನ್ನೇ ನಂಬದೆ ಮೂಲೆಯಲ್ಲಿ ಮೊಳಕಾಲುದ್ದ ಅಗೆಯಿಸಿ ನೋಡಿದೆನು. ಗರಸು ಮಣ್ಣೇ ಬಂದಿತು. ಗೋಡೆಗಳಲ್ಲಿ ಓರೆಯಾದ ಬಿರುಕುಗಳೂ ಕಾಣಲಿಲ್ಲ. ನೀರಿಗೆ ಮಲಪ್ರಭೆಯ ನಲ್ಲಿಯೂ ಬಾವಿಯೂ ಇದ್ದವು.

ಬ್ಯಾಂಕಿನ ಪರವಾಗಿ ಬೆಲೆಕಟ್ಟಲು ಬಂದಿದ್ದ ಗೃಹಸ್ಥನ ವರದಿಯನ್ನು ಆ ಬಳಿಕ ಓದಿದೆನು. ನಾನು ಅರ್ಧ ದಿನ ಪರೀಕ್ಷಿಸಿದ ಮನೆಗೆ ಆತನು ಒಟ್ಟು ಬೆಲೆಯ ನೂರರಲ್ಲಿ ಮೂರು ಪಾಲನ್ನೂ ಬರೆದಿರಲಿಲ್ಲ. ಬೆಲೆಯೆಲ್ಲ ಹುಲ್ಲು ಬೆಳೆದ ನೆಲಕ್ಕೆ. ಇದು ಮೊದಲು ನನಗೆ ವಿಪರೀತವಾಗಿ ತೋರಿತು. ನಮ್ಮಲ್ಲಿ ಮನೆಯ ಸುತ್ತಲಿನ ನೆಲವನ್ನು ಬರಿದೆ ಬಿದ್ದದ್ದೆಂದು ಯಾರೂ ಹೇಳರು. ಅಡಕೆಯನ್ನು ಹರಡಲು ಅಂಗಳ ಬೇಕು. ಕೊಟ್ಟಿಗೆ ಬೇಕು, ಹುಲ್ಲುಬಣವೆ ಬೇಕು. ತೋಟದ ಎಕರೆಯೊಂದಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವೇ ಬೇಕೆಂದು ಬ್ರಿಟಿಷ್ ಸರಕಾರವೂ ಒಪ್ಪಿ ಬಿಟ್ಟುಕೊಟ್ಟಿತ್ತು. ದೊಡ್ಡ ನೆಲವು ಚಿಕ್ಕ ಮನೆಯನ್ನು ಸಾಕುವುದು ನಮ್ಮ ಪದ್ಧತಿ. ನಗರದಲ್ಲಿ ನೆಲವು ಮನೆಯನ್ನು ಸಾಕುವುದಿಲ್ಲ, ನುಂಗಲು ಕಾದಿರುತ್ತದೆ.

ಹೇಗೆಂದರೆ: ಮಗ ಸೊಸೆ ಇಬ್ಬರ ಸಂಬಳದ ಮೇಲೆ ಸಿಕ್ಕುವ ಸಾಲವೆಲ್ಲ ಸೇರಿಸಿದರೂ ಬೆಲೆಯ ಕಾಲುಭಾಗ ಕಡಮೆ ಬೀಳುತ್ತಿತ್ತು. ಆ ಕಾಲುಭಾಗಕ್ಕೆ ನನ್ನ ಪಾಲಿನ ತೋಟವನ್ನು ತಮ್ಮನ ಮಗನಿಗೆ ಮಾರಬೇಕೆಂಬುದು ಮಗನ ಯೋಚನೆ. ತೋಟದ ಕೆಲಸವನ್ನು ಮಾಡುತ್ತಿರುವವನು ಆ ಹುಡುಗನೇ ಆದುದರಿಂದ ನನಗೂ ಅದರಲ್ಲಿ ಅನುಚಿತವೇನೂ ತೋರಲಿಲ್ಲ. ಆದರೆ ತೋಟ ಮಾರದೆ ಇನ್ನೂ ಹೆಚ್ಚು ಸಾಲ ಮಾಡಿದರೆ ಏನಾಗುವುದೆಂಬುದನ್ನು ಲೆಕ್ಕ ಹಾಕಿ ನೋಡಿದೆನು. ಐದಾರು ವರ್ಷ ಕಂತು ಕಟ್ಟಿ ದಣಿದವನ ಬಾಗಿಲಿಗೆ ಕಟ್ಟಡದ ವ್ಯಾಪಾರಿಯು ಬರುತ್ತಾನೆ, ‘ನೆಲ ನಿಮ್ಮದು, ಹಣ ನನ್ನದು, ಮನೆಗಳಲ್ಲಿ ಅರ್ಧ ನಿಮಗೆ’ ಎನ್ನುತ್ತಾನೆ, ದಣಿದವನು ಒಪ್ಪುತ್ತಾನೆ. ಆಗ ಆ ಮನೆಯನ್ನು ಕೆಡಹುವುದು ಹಾರೆಯಲ್ಲ, ಋಣ. ಆದುದರಿಂದ ಇಂಥ ಮನೆಯನ್ನು ತೂಗುವಾಗ ‘ಗೋಡೆ ಗಟ್ಟಿಯೇ’ ಎಂಬ ಪ್ರಶ್ನೆಗಿಂತಲೂ ‘ನೆಲದಿಂದ ದುಡಿಸಿಕೊಳ್ಳದೆಯೇ ನೆಲದ ಬೆಲೆಯನ್ನು ತೆರಲು ನಮಗೆ ಶಕ್ತಿಯುಂಟೇ’ ಎಂಬ ಪ್ರಶ್ನೆಯು ಮೊದಲನೆಯದೆಂದು ನನಗೆ ನಿಶ್ಚಯವಾಯಿತು.

ಮನೆಯೊಡತಿಯು ಎಂಬತ್ತು ದಾಟಿದ ಸಾಧ್ವಿ. ಪತಿಯು 1971ರಲ್ಲಿ ತನ್ನ ದುಡಿಮೆಯಿಂದ ಕೊಂಡ ಮನೆ ಅದು; ಆತನು ಉಯಿಲು ಬರೆಯದೆ ತೀರಿಕೊಂಡಿದ್ದನು. ಇಬ್ಬರು ಗಂಡುಮಕ್ಕಳ ಒಪ್ಪಿಗೆಯ ಪತ್ರಗಳು ಸಿದ್ಧವಾಗಿದ್ದವು. ಕಾಗದಗಳನ್ನು ತಿರುವುತ್ತ ನಾನು, ‘ಹೆಣ್ಣುಮಕ್ಕಳಿಲ್ಲವೇ?’ ಎಂದು ಕೇಳಿದೆನು. ಒಬ್ಬಳಿದ್ದಳು, ಪುಣೆಯಲ್ಲಿ. ‘ಆಕೆಯ ರುಜು ಇಲ್ಲದೆ ಇದು ನಿಲ್ಲದು. 1956ರ ಉತ್ತರಾಧಿಕಾರದ ಕಾನೂನಿನಂತೆ ಇಂಥ ಆಸ್ತಿಯಲ್ಲಿ ಹೆಂಡತಿಗೂ ಗಂಡು ಹೆಣ್ಣು ಮಕ್ಕಳಿಗೂ ಸಮಭಾಗ’ ಎಂದು ನಾನು ಗಂಭೀರವಾಗಿ ಹೇಳಿದೆನು. ಮಗನು ನನ್ನ ಜಾಣ್ಮೆಯನ್ನು ಕಂಡು ಸಂತೋಷಪಟ್ಟನು. ನಾವು ಏಳುವಾಗ ಆಕೆಯು ಒಂದೇ ಮಾತು ಕೇಳಿದಳು: ‘ಇರಲಿಕ್ಕೆ ತೊಗೋತೀರೋ, ಕೆಡವಲಿಕ್ಕೆ ತೊಗೋತೀರೋ?’ ಮಗನು ‘ಇರಲಿಕ್ಕೇ’ ಎಂದನು. ನಾನು ಸುಮ್ಮನಿದ್ದೆನು.

ಊರಿಗೆ ಮರಳುವ ಬಸ್ಸಿನಲ್ಲಿ ಕಲಘಟಗಿ ದಾಟಿ ಕಾಡು ದಟ್ಟವಾಗುವ ಹೊತ್ತಿಗೆ, ಪಾಠಶಾಲೆಯಲ್ಲಿ ಗುರುಗಳು ಹೇಳಿಕೊಟ್ಟ ದೇಹಲೀದೀಪನ್ಯಾಯವು ನೆನಪಾಯಿತು. ಹೊಸ್ತಿಲ ಮೇಲಿಟ್ಟ ದೀಪವು ಹೊರಗನ್ನೂ ಒಳಗನ್ನೂ ಏಕಕಾಲಕ್ಕೆ ಬೆಳಗುತ್ತದೆ. ಆ ವೃದ್ಧೆಯ ಮನೆಯಲ್ಲಿ ನಾನು ಹಚ್ಚಿದ ದೀಪವು ಈಗ ನನ್ನ ಮನೆಯ ಒಳಗನ್ನೂ ತೋರಿಸಿತು. ನಾನು ಮಾರಲು ಹೊರಟ ತೋಟವು ತಂದೆಯಿಂದ ಹಿಸ್ಸೆಯಲ್ಲಿ ಬಂದದ್ದು, ಪಿತ್ರಾರ್ಜಿತ. ಕುಮಟೆಗೆ ಕೊಟ್ಟ ನನ್ನ ಮಗಳನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆದಿರಲೇ ಇಲ್ಲ.

ಕಾನೂನು ನನಗೆ ತಿಳಿಯದ್ದಲ್ಲ. ಕಲ್ಯಾಣದಲ್ಲಿ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯು, ಮಗನಿಗೆ ಹುಟ್ಟಿನಿಂದಲೇ ಪಿತಾಮಹನ ಆಸ್ತಿಯಲ್ಲಿ ಹಕ್ಕೆಂದು ಸಾಧಿಸಿದ್ದನ್ನು ಹುಡುಗನಾಗಿದ್ದಾಗಲೇ ಕೇಳಿದ್ದೆನು. ಆ ಹುಟ್ಟಿನ ಹಕ್ಕನ್ನೇ 2005ರ ತಿದ್ದುಪಡಿಯು ಮಗಳಿಗೂ ಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸಂದೇಹಕ್ಕೆಡೆಯಿಲ್ಲದಂತೆ ಸ್ಥಿರಪಡಿಸಿತು. ಇತರರ ಕಾಗದದಲ್ಲಿ ಹೆಣ್ಣುಮಗಳ ರುಜುವನ್ನು ಹುಡುಕಿದವನಿಗೆ ತನ್ನ ಮಗಳು ಮರೆತುಹೋದದ್ದು ಅಜ್ಞಾನದಿಂದಲ್ಲ, ಅಭ್ಯಾಸದಿಂದ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೆ ನಮ್ಮ ಸೀಮೆಯ ಅನೇಕ ಮನೆಗಳ ಮಾತೆಂದು ಬರೆದಿದ್ದೇನೆ.

ಮಗಳನ್ನು ಕೇಳಿದೆನು. ‘ನನಗೇನೂ ಬೇಡ, ಅಣ್ಣನಿಗೇ ಕೊಡಿ’ ಎಂದಾಳೆಂದು ನನ್ನ ಮನಸ್ಸಿನ ಒಂದು ಮೂಲೆಯು ಆಶಿಸಿತ್ತು. ಆಕೆಯು ಹಾಗೆನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪಾ, ಕೇಳದೆಯೇ ಮಾರಿದ್ದರೆ ನಾನು ಜಗಳಕ್ಕೆ ಬರುತ್ತಿರಲಿಲ್ಲ. ಕೇಳಿದ್ದೀರಿ, ಆದ್ದರಿಂದ ಹೇಳುತ್ತೇನೆ. ನನ್ನ ಪಾಲು ನನಗೆ ಬೇಕು. ಹುಡುಗಿಯ ಓದಿಗಾಗುತ್ತದೆ’ ಎಂದಳು. ಆ ಮಾತಿನ ಮೊದಲನೆಯ ಅರ್ಧವು ಎರಡನೆಯದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿತು. ನನ್ನ ಹೆಂಡತಿಯು, ‘ಅವಳು ಸರಿಯಾಗಿಯೇ ಹೇಳಿದಳು’ ಎಂದು ಒಳಗೆ ಹೋದಳು.

ಮಗಳ ಪಾಲನ್ನು ತೆಗೆದಿಟ್ಟ ಮೇಲೆ ಧಾರವಾಡದ ಲೆಕ್ಕವು ಕೂಡಲಿಲ್ಲ. ಕೂಡಿಸಬೇಕಾದರೆ ಇನ್ನಷ್ಟು ಸಾಲ. ಸಾಲವೆಂದರೆ ನಾನು ಮೊದಲೇ ಕಂಡ ವ್ಯಾಪಾರಿ. ಮಗನು ನಾಲ್ಕು ದಿನ ಸಿಟ್ಟಾಗಿದ್ದನು; ಐದನೆಯ ದಿನ ತಾನೇ ತಂಗಿಯನ್ನು ಮಾತನಾಡಿಸಿ, ಆ ಮನೆಯನ್ನು ಬಿಡುವುದೆಂದು ನನಗೆ ತಿಳಿಸಿದನು. ಅವನಿಗೆ ಅದು ಸುಲಭವಾಗಿರಲಿಲ್ಲವೆಂದು ನಾನು ಬಲ್ಲೆನು.

ಮನೆಯೊಡತಿಗೆ ಆ ವಿಷಯವನ್ನು ಮತ್ತೊಬ್ಬರಿಂದ ಹೇಳಿಸುವುದು ಸರಿಯಲ್ಲವೆಂದು ಚೈತ್ರದಲ್ಲಿ ನಾನೇ ಹೋಗಿ ಹೇಳಿದೆನು. ‘ನಾವು ಕೊಂಡರೂ ಉಳಿಸಿಕೊಳ್ಳಲಾರೆವು’ ಎಂದೆನು. ಆಕೆಯು ಬೇಸರಪಡಲಿಲ್ಲ. ‘ಬಂದವರೆಲ್ಲ ಇರಲಿಕ್ಕೇ ಅಂದರು. ನೀವೊಬ್ಬರು ಹಿಂಗಂದ್ರಿ’ ಎಂದು ಚಹ ತರಿಸಿದಳು. ಪುಣೆಯ ಮಗಳು ಮುಂದಿನ ತಿಂಗಳು ಬರುವವಳಿದ್ದಳು. ಅವಳ ರುಜುವಾಗದೆ ಯಾರಿಗೂ ಕೊಡುವುದಿಲ್ಲವೆಂದು ಆಕೆ ಹೇಳಿದಳು.

ನಮ್ಮ ಹೆಗಡೆಕಟ್ಟೆಯ ಮನೆಯೂ ಒಂದು ದೊಡ್ಡ ಅಂಗಳದ ನಡುವಣ ಚಿಕ್ಕ ಹಳೆಯ ಮನೆಯೇ. ಬೆಲೆಕಟ್ಟುವವನು ಬಂದರೆ ಇದಕ್ಕೂ ನೂರರಲ್ಲಿ ಮೂರನ್ನು ಬರೆದಾನು. ಈ ಮಳೆಗಾಲಕ್ಕೆ ಮುಂಚೆ ಶಿರಸಿಗೆ ಹೋಗಿ, ಮಗ ಮಗಳು ಇಬ್ಬರ ಹೆಸರುಗಳನ್ನೂ ಬರೆಯಿಸಿ ಪತ್ರವನ್ನು ನೋಂದಾಯಿಸುವುದೆಂದು ನಿಶ್ಚಯಿಸಿದ್ದೇನೆ. ಮಾಡಿನ ಹಂಚು ಸರಿಪಡಿಸುವವನಿಗೂ ಹೇಳಿಕಳುಹಿಸಿದ್ದೇನೆ. ಆ ಕೆಲಸಕ್ಕೆ ಯಾರ ರುಜುವೂ ಬೇಕಾಗಿಲ್ಲ.